ಸೊನ್ನೆ ಬಿಟ್ಟ ಬಾಡಿಗೆ ಚೀಟಿ

ಶಹಾಪುರದಲ್ಲಿ ಕಾರು ಬಾಡಿಗೆಗೆ ಕೊಡುವ ಜಲಾಲುದ್ದೀನ ಬರೆದುಕೊಟ್ಟ ಚೀಟಿಯಲ್ಲಿ ಒಂದು ಸೊನ್ನೆ ಬಿಟ್ಟುಹೋಗಿತ್ತು. ದಿನಕ್ಕೆ ಐದುನೂರು ಇರಬೇಕಾದಲ್ಲಿ ಐವತ್ತು.

ಭೀಮರಾಯನಗುಡಿಯ ಕಾಲುವೆ ಕಚೇರಿಯ ಗುಮಾಸ್ತ ಅಂಬ್ರಪ್ಪ ಅಂದು ಕೆಂಭಾವಿಗೆ ಹೆಣ್ಣು ನೋಡಲು ಹೊರಟಿದ್ದ. ಇದು ಆರನೆಯ ಹೆಣ್ಣು. ಈ ಸಲವಾದರೂ ಕಾರಿನಿಂದ ಇಳಿಯೋಣ ಎಂದು ಸಣ್ಣ ಕಾರೊಂದನ್ನು ಬಾಡಿಗೆಗೆ ಗೊತ್ತು ಮಾಡಿದ್ದ. ಬೆಳಿಗ್ಗೆ ಶಹಾಪುರಕ್ಕೆ ಹೋಗಿ ಚೀಟಿ ತೋರಿಸಿದರೆ ಜಲಾಲುದ್ದೀನ ಹಣೆ ಬಡಿದುಕೊಂಡ.

"ಸೊನ್ನಿ ತಪ್ಪ್ಯಾದ್ರಿ! ಐವತ್ತಕ್ಕ ಎತ್ತಿನ ಬಂಡಿ ಸೈತ ಬರಂಗಿಲ್ಲ."

ಅಂಬ್ರಪ್ಪ ಮೆತ್ತಗಾದ. ಹಿರಿಯಳಾಗಿ ಜೊತೆಗೆ ಬಂದಿದ್ದ ಪಕ್ಕದ ಮನೆಯ ಮಲ್ಲಿಕಮ್ಮ ಬಿಡಬೇಕಲ್ಲ! "ಬರದ ಮ್ಯಾಲ ಮುಗೀತು. ಕೊಡಬೇಕು!" ಆಕೆಯ ದನಿಗೆ ಬಸ್‌ಸ್ಟ್ಯಾಂಡಿನ ಅರ್ಧ ಜನ ನೆರೆದರು. ಜೊತೆಗೇ ಬಂದಿದ್ದ ಕಚೇರಿಯ ಗೆಳೆಯ ಚಂದ್ರಾಮಪ್ಪ ಅವರಿಗೆಲ್ಲ ಚೀಟಿ ಓದಿ ಹೇಳಿದ.

ಜಲಾಲುದ್ದೀನ ಸೋತ. "ಆಯ್ತ್ರಿ, ಕೊಟ್ಟ ಜಬಾನ್ ನನಗ ದೊಡ್ಡದು. ಸಣ್ಣ ಕಾರು ಗ್ಯಾರೇಜಿನಾಗ ಅದ. ಅದೇ ಐವತ್ತಕ್ಕ ದೊಡ್ಡ ಜೀಪ್ ಒಯ್ರಿ. ಡೀಸೆಲ್ ನಿಮ್ದು."

ಇಷ್ಟು ದೊಡ್ಡ ಜೀಪು ಖಾಲಿ ಹೋಗುವುದು ಮಲ್ಲಿಕಮ್ಮನಿಗೆ ಸರಿಬರಲಿಲ್ಲ. ಭೀಮರಾಯನಗುಡಿಯ ಕ್ಯಾಂಪಿಗೆ ವಾಪಸು ಬಂದು ಹನ್ನೊಂದು ಜನರನ್ನು ತುಂಬಿಸಿದಳು. ಅವರಲ್ಲೊಬ್ಬರ ಮೇಕೆಯೂ ಹತ್ತಿತು. ಅಂಬ್ರಪ್ಪನಿಗೆ ಸಿಕ್ಕಿದ್ದು ಹಿಂದೆ ಸ್ಟೆಪ್ನಿಯ ಮೇಲಿನ ಜಾಗ. ಕೆಂಭಾವಿ ಮುಟ್ಟುವಷ್ಟರಲ್ಲಿ ಅವನ ಇಸ್ತ್ರಿ ಅಂಗಿ ಒಲೆ ಒರೆಸುವ ಅರಿವೆಯಂತಾಗಿತ್ತು, ತೋಳಿನ ಗುಂಡಿ ಮೇಕೆಯ ಹೊಟ್ಟೆಯಲ್ಲಿತ್ತು.

ಹೆಣ್ಣಿನ ತಂದೆ ಬಾಲಪ್ಪ ಐದು ಜನಕ್ಕೆಂದು ಮಾಡಿಸಿದ್ದ ಮಂಡಕ್ಕಿ ಸುಸಲ ಕಣ್ಣುಮುಚ್ಚಿ ತೆಗೆಯುವುದರಲ್ಲಿ ಮಾಯವಾಯಿತು. ಬಾಯಿ ಖಾಲಿಯಾದ ಚಂದ್ರಾಮಪ್ಪ, ಐವತ್ತಕ್ಕೆ ಜೀಪು ಗೆದ್ದ ಕತೆಯನ್ನು ಸಾದ್ಯಂತ ವರ್ಣಿಸಿದ.

ಹುಡುಗಿ ಶೇಖಮ್ಮ ಶಾಲೆಯಲ್ಲಿ ಟೀಚರು. ಕತೆ ಕೇಳಿ ನಕ್ಕಳು. "ಬರದದ್ದು ನಡಸೋ ಮಂದಿ ನೀವು. ಭಾಳ ಛಲೋ ಆತು." ಒಳಗೆ ಹೋಗಿ ಒಂದು ಕಾಗದ ತಂದಳು. ಹೋದ ತಿಂಗಳು ಅಂಬ್ರಪ್ಪನೇ ಬರೆದು ಕಳಿಸಿದ್ದು. "ಹುಡುಗಿಗಿ ೧೦ ತೊಲಿ ಬಂಗಾರ ಹಾಕ್ತೀನಿ ಅಂತ ಬರದೀರಿ."

ಅಂಬ್ರಪ್ಪ ಕಾಗದಕ್ಕೆ ಕೈ ಚಾಚಿದ. "ಒಂದು ತೊಲಿರಿ! ಸೊನ್ನಿ ಕೈತಪ್ಪಿ ಬಿದ್ದದ!"

ಆಸರೆಗಾಗಿ ಮಲ್ಲಿಕಮ್ಮನತ್ತ ನೋಡಿದ. ಆಕೆ ಕನ್ನಡಕ ಏರಿಸಿ, ಕಾಗದವನ್ನು ಬೆಳಕಿಗೆ ಹಿಡಿದು, ಬೆರಳಿಟ್ಟು ಓದಿದಳು. "ಒಂದು... ಮುಂದ ಸೊನ್ನಿ. ಹತ್ತೇ ಅದ. ಲಗ್ನ ಯಾವಾಗ ಇಟ್ಕೊಳ್ಳೋಣ್ರಿ ಬಾಲಪ್ಪನವರ?"

ಜೀಪಿನಲ್ಲಿ ಬಂದವರೆಲ್ಲ ಚಪ್ಪಾಳೆ ತಟ್ಟಿದರು. ತಕರಾರು ಹೇಳಲು ಅಂಬ್ರಪ್ಪ ಬಾಯಿ ತೆರೆದ. ಬಾಲಪ್ಪ ಒಂದು ಹಿಡಿ ಸಕ್ಕರೆ ತುಂಬಿದ.