ದೆವ್ವದ ಸಿನಿಮಾಕ್ಕೆ ಶಂಭುಲಿಂಗನ ಗ್ಯಾರಂಟಿ

ಮಗಳು ತನ್ನ ಹತ್ತಿರ ಮಾತಾಡುವುದು ಮೊಬೈಲಿನ ರೀಚಾರ್ಜ್ ಮುಗಿದಾಗ ಮಾತ್ರ ಎಂಬುದು ಶಂಭುಲಿಂಗನ ದೊಡ್ಡ ಕೊರಗಾಗಿತ್ತು. ಹೊಸಪೇಟೆಯಲ್ಲಿ ಪಂಪ್‌ಸೆಟ್ಟಿನ ಅಂಗಡಿ ಇಟ್ಟುಕೊಂಡು ದಿನವಿಡೀ ಊರವರಿಗೆಲ್ಲ ಬುದ್ಧಿ ಹೇಳುವ ಮನುಷ್ಯ, ಕಡ್ಡಿರಾಂಪುರದ ತನ್ನ ಮನೆಯ ಹೊಸ್ತಿಲು ದಾಟಿದರೆ ಅವನ ಮಾತು ಕೇಳುವವರೇ ಇರಲಿಲ್ಲ. ಸ್ಫೂರ್ತಿ ಚಿಕ್ಕವಳಿದ್ದಾಗ ಅವನ ತೊಡೆಯ ಮೇಲೆ ಕೂತೇ ಟಿ.ವಿ. ನೋಡುತ್ತಿದ್ದಳು. ಪಿಯುಸಿಗೆ ಸೇರಿದ್ದೇ ತಡ, ಅವನು ಹಾಲಿಗೆ ಬಂದರೆ ಅವಳು ರೂಮಿಗೆ. (ಆ ರೂಮಿಗೆ ಚಿಲಕ ಹಾಕಿಸಿಕೊಟ್ಟವನೂ ಅವನೇ.)

ಹಾಗಾಗಿ ಅಕ್ಟೋಬರ್ ಕೊನೆಯ ವಾರ ಅವಳು ತಾನಾಗಿ ಬಂದು ಎದುರು ಕೂತಾಗ ಅವನು ಮೊದಲು ಜೇಬು ಮುಟ್ಟಿ ನೋಡಿಕೊಂಡ.

"ಅಪ್ಪಾ, ಒಂದು ಚಲೋ ದೆವ್ವದ ಸಿನಿಮಾ ಹೇಳು. ಹ್ಯಾಲೋವೀನ್ ದಿನ ನಮ್ ಫ್ರೆಂಡ್ಸೆಲ್ಲ ಇಲ್ಲೇ ಬರ್ತಾರ."

ಪಕ್ಕದ ಹೋಮ್‌ಸ್ಟೇಗೆ ಬರುವ ವಿದೇಶಿಯರ ದೆಸೆಯಿಂದ ಈ ದೆವ್ವಗಳ ಹಬ್ಬ ಆ ಬೀದಿಗೆಲ್ಲ ಗೊತ್ತಿತ್ತು. ಅವರು ಕುಂಬಳಕಾಯಿಗೆ ಕಣ್ಣು, ಮೂಗು ಕೊರೆದು ದೀಪ ಇಡುವುದನ್ನು ಕಂಡು ಶಂಭುಲಿಂಗನ ಹೆಂಡತಿ ಗಂಗಾಂಬಿಕಾ, "ಪಲ್ಯ ಮಾಡಿದ್ರ ಹತ್ತು ಮಂದಿ ಉಣ್ತಿದ್ರು" ಎಂದು ಪ್ರತಿವರ್ಷವೂ ಮರುಗುತ್ತಿದ್ದಳು. ಮಗಳ ಮಾತು ಕೇಳಿ ಶಂಭುಲಿಂಗನಿಗೆ ಮಾತ್ರ ಸ್ವರ್ಗಕ್ಕೆ ಮೂರೇ ಗೇಣು.

ಏಕೆಂದರೆ ದೆವ್ವದ ಸಿನಿಮಾಗಳ ವಿಷಯದಲ್ಲಿ ಅವನು ತನಗೆ ತಾನೇ ಶಾಲು ಹೊದಿಸಿಕೊಂಡ ಪಂಡಿತ. ಮೋಟಾರು ಕೊಳ್ಳಲು ಬಂದವರಿಗೂ ಎರಡು ಸಿನಿಮಾ ಶಿಫಾರಸು ಮಾಡದೆ ಬಿಲ್ಲು ಹರಿದು ಕೊಡುತ್ತಿರಲಿಲ್ಲ. ಅವನ ಶಾಸ್ತ್ರ ಸರಳ. ಕೊನೆಗೆ ದೆವ್ವಕ್ಕೊಂದು ನೆಲೆ ಕಾಣಿಸಿ ಮನೆಯವರನ್ನು ಸುಖವಾಗಿಟ್ಟರೆ ಒಳ್ಳೆಯ ಸಿನಿಮಾ. ದೆವ್ವವನ್ನು ಬೀದಿಯಲ್ಲೇ ಬಿಟ್ಟು "ಶುಭಂ" ಎಂದರೆ ಕೆಟ್ಟ ಸಿನಿಮಾ. ವಿಚಿತ್ರವೆಂದರೆ ಸಂಡೂರಿನ ಗೆಳೆಯರ ಜೊತೆ ಹೋದವೆಲ್ಲ ಕೆಟ್ಟವು, ಹೆಂಡತಿಯ ಜೊತೆ ಹೋದವೆಲ್ಲ ಒಳ್ಳೆಯವು. ಅದು ಅವಳ ಕಾಲ್ಗುಣ ಎಂದು ಅವನು ತಿಳಿದಿದ್ದ. ಅವನ ಮಾತು ನಂಬಿ ಹೆತ್ತತಾಯಿಯನ್ನು ಒಂದು "ಒಳ್ಳೆಯ" ಸಿನಿಮಾಕ್ಕೆ ಕರೆದೊಯ್ದ ಚೋರನೂರಿನ ನಾಗೇಂದ್ರಪ್ಪ ಮತ್ತೆ ಅಂಗಡಿಯ ಕಡೆ ತಲೆ ಹಾಕಲಿಲ್ಲ. ತಾನು ಮಾರಿದ ಮೋಟಾರು ಸುಟ್ಟಿರಬೇಕು ಎಂದುಕೊಂಡ ಶಂಭುಲಿಂಗ.

ಇಲ್ಲೊಂದು ಮಾತು ಹೇಳಿಬಿಡಬೇಕು. ಪಂಡಿತರು ಒಂದೇ ಒಂದು ದೆವ್ವದ ಸಿನಿಮಾವನ್ನೂ ಪೂರ್ತಿ ನೋಡಿದವರಲ್ಲ. ಇಂಟರ್ವಲ್ ಮುಗಿದು ದೆವ್ವ ತಲೆಗೂದಲು ಬಿಚ್ಚಿದ ಕೂಡಲೇ ಅವನಿಗೆ ಸ್ಕೂಟರಿಗೆ ಬೀಗ ಹಾಕಿದ್ದೇನೋ ಇಲ್ಲವೋ ಎಂಬ ಅನುಮಾನ ಬರುತ್ತಿತ್ತು. ಹೊರಗೆ ಹೋದವನು ಶೇಂಗಾ ತಿನ್ನುತ್ತ ಸ್ಕೂಟರು ಕಾಯುತ್ತಿದ್ದ. ಗಂಗಾಂಬಿಕಾ ಒಬ್ಬಳೇ ಕೂತು ಮುಗಿಸಿ ಬಂದು, ಬಾಳೆತೋಟಗಳ ನಡುವಿನ ಕತ್ತಲೆಯಲ್ಲಿ, ಕಡ್ಡಿರಾಂಪುರ ಬರುವ ತನಕ ಹಿಂದೆ ಕೂತು ಉಳಿದ ಕಥೆ ಹೇಳುತ್ತಿದ್ದಳು. ಮಗಳು ಹುಟ್ಟಿದ ಮೇಲೆ ಟಾಕೀಸಿಗೆ ಹೋಗುವುದು ನಿಂತಿತು, ಆ ಕಥೆಯೂ ನಿಂತಿತು.

"ಚಲೋದು ಅಂದ್ರ ಆ ಬಾವಿ ದೆವ್ವದ ಸಿನಿಮಾ ನೋಡ್ರಿ," ಎಂದ ಶಂಭುಲಿಂಗ. "ಸೊಸಿ ಬಾವಿಗೆ ಬಿದ್ದು ದೆವ್ವ ಆಗ್ತಾಳ. ಲಾಸ್ಟಿಗೆ ಅತ್ತಿ ತಪ್ಪಾತವ್ವಾ ಅಂತಾಳ, ಸೊಸಿ ಹೋಗ್ಲಿ ಬಿಡು ಅಂತಾಳ. ಎಲ್ಲಾರೂ ಬಸ್ ಹತ್ತಿ ಊರಿಗೆ ಹೋಗ್ತಾರ. ಬಸ್ಸೂ ಟೈಮಿಗೆ ಬರ್ತೈತಿ."

ಒಲೆಯ ಮುಂದಿದ್ದ ಗಂಗಾಂಬಿಕಾ ತಿರುಗಿ ನೋಡಿದಳು. "ಅದ್ ಬ್ಯಾಡ ಬಿಡ್ರಿ. ಭಾಳ ಹಳೇದು."

"ನೀ ಸುಮ್ನಿರು. ಸಿನಿಮಾ ಬಗ್ಗೆ ನಿನಗೇನ್ ಗೊತ್ತೈತಿ?"

(ಜೀವನದಲ್ಲಿ ವಾಪಸು ತಗೊಳ್ಳಲು ಒಂದೇ ಮಾತಿಗೆ ಅವಕಾಶ ಕೊಟ್ಟರೆ ಅವನು ಇದನ್ನೇ ತಗೊಳ್ಳುತ್ತಾನೆ.)

ಅಂದು ಸಂಜೆಯೇ ಸ್ಫೂರ್ತಿಯ ಗೆಳತಿ ಶೈಲಶ್ರೀಯ ತಾಯಿ ರೇಣುಕಮ್ಮ ಫೋನು ಮಾಡಿದಳು. "ಅಣ್ಣಾ, ನಮ್ ಹುಡುಗಿ ಹಲ್ಲಿ ಕಂಡ್ರ ಅಂಜ್ತಾಳ. ಆ ಸಿನಿಮಾದಾಗ ಅಂಥಾದ್ದೇನೂ ಇಲ್ಲಲ್ಲ?"

"ನಂದು ಗ್ಯಾರಂಟಿ ತಂಗಿ."

"ಹಂಗಾರ ನೀವೂ ಜೊತಿಗೆ ಕುಂದ್ರಿ. ನೀವ್ ಕುಂತ್ರ ಕಳಿಸ್ತೀನಿ."

ಸ್ಫೂರ್ತಿ ಮುಖ ಸಣ್ಣದು ಮಾಡಿದಳು, ಆದರೆ ಬೇರೆ ದಾರಿಯಿರಲಿಲ್ಲ. "ಆತಪ್ಪ, ಕುಂದ್ರು. ನಡುವ ಮಾತಾಡಬ್ಯಾಡ." ಮಗಳ ಪಕ್ಕದಲ್ಲಿ ಜಾಗ ಸಿಕ್ಕಿತಲ್ಲ, ಅವನಿಗೆ ಅಷ್ಟೇ ಬೇಕಾಗಿತ್ತು. ಹೆದರಿಕೆಯ ಪ್ರಶ್ನೆಯೇ ಇಲ್ಲ, ಕೊನೆ ಗೊತ್ತಿದೆ.

ಹ್ಯಾಲೋವೀನಿನ ಸಂಜೆ ಐದಾರು ಹುಡುಗಿಯರು ಕಿಟಕಿಗೆ ಪರದೆ ಎಳೆದು, ಒಗ್ಗರಣೆ ಮಂಡಕ್ಕಿಯ ಬುಟ್ಟಿ ನಡುವೆ ಇಟ್ಟುಕೊಂಡು ಚಾಪೆಯ ಮೇಲೆ ಕೂತರು. ಕುರ್ಚಿಯಲ್ಲಿ ಶಂಭುಲಿಂಗ, ಅವನ ಕಾಲ ಬಳಿ ಸ್ಫೂರ್ತಿ. ಮೊದಲರ್ಧದಲ್ಲಿ ಅವಳು ಒಮ್ಮೆ ಅವನ ಮೊಣಕಾಲಿಗೆ ತಲೆ ಆನಿಸಿದಳು. ಆ ಘಳಿಗೆಯಲ್ಲಿ ಸಿನಿಮಾ ಮುಗಿಯದಿದ್ದರೂ ಆದೀತು ಎನ್ನಿಸಿತು ಅವನಿಗೆ.

ದೆವ್ವ ಕೂದಲು ಬಿಚ್ಚಿತು. ರೂಢಿಯಂತೆ ಸ್ಕೂಟರು ನೆನಪಾಯಿತು. ಆದರೆ ಅದು ಅಂಗಳದಲ್ಲೇ, ಬೀಗ ಹಾಕಿಸಿಕೊಂಡು ನಿಂತಿತ್ತು. ಅವನು ಹಲ್ಲು ಕಚ್ಚಿ ಕೂತ. ಅತ್ತೆ ಕೈಮುಗಿದು "ತಪ್ಪಾಯಿತು" ಎಂದಾಗ ಮಗಳ ಕಿವಿಯಲ್ಲಿ "ನೋಡು, ಈಗ ಕ್ಷಮಾ ಮಾಡ್ತಾಳ" ಎಂದ. ಸೊಸೆ ಕ್ಷಮಿಸಲಿಲ್ಲ. ಅತ್ತೆ ಬಾವಿಯೊಳಗೆ ಹೋದಳು. ಉಳಿದವರು ಬಿದ್ದಂಬೀಳ ಓಡಿ ಬಸ್ಸು ಹತ್ತಿದರು. ಬಸ್ಸು ನಿಜಕ್ಕೂ ಟೈಮಿಗೆ ಬಂದಿತ್ತು. ಶಂಭುಲಿಂಗ ಉಸಿರು ಬಿಟ್ಟ. ಕಂಡಕ್ಟರು ಟಿಕೆಟ್ಟಿಗೆ ಕೈ ಚಾಚಿದ. ಆ ಕೈ ತುಂಬ ಸೊಸೆಯ ಹಸಿರು ಬಳೆಗಳಿದ್ದವು.

ಆಗ ಶಂಭುಲಿಂಗನ ಗಂಟಲಿನಿಂದ ಹೊರಟ ಸದ್ದನ್ನು ಚೀರಾಟ ಎಂದರೆ ಚೀರಾಟಕ್ಕೆ ಅವಮಾನ. ಮಂಡಕ್ಕಿಯ ಬುಟ್ಟಿ ಮೇಲಕ್ಕೆ ಹಾರಿತು. ಪಕ್ಕದ ಹೋಮ್‌ಸ್ಟೇಯ ವಿದೇಶಿಯರು ಕುಂಬಳಕಾಯಿ ಹಿಡಿದುಕೊಂಡೇ ಓಡಿಬಂದರು. ಬಾಗಿಲಲ್ಲಿ ಆ ಕುಂಬಳಕಾಯಿಯ ಮುಖ ಕಂಡು ಅವನು ಎರಡನೇ ಸಲ ಚೀರಿದ. ಸಾವರಿಸಿಕೊಂಡು ನೋಡಿದರೆ, ಮಗಳ ಬೆನ್ನ ಹಿಂದೆ ಅವಳ ದುಪಟ್ಟಾ ಹೊದ್ದು ಕೂತಿದ್ದ. ಹಲ್ಲಿಗೆ ಹೆದರುವ ಶೈಲಶ್ರೀ ನೀರು ತಂದುಕೊಟ್ಟಳು. "ಕುಡೀರಿ ಅಂಕಲ್. ಅದು ಬರೇ ಸಿನಿಮಾ."

ಅವನು ನೇರ ಅಡುಗೆಮನೆಗೆ ಹೋದ. "ಅವರು ಊರಿಗೆ ಹೋಗ್ಲೇ ಇಲ್ಲಲ್ಲ ಗಂಗಾ."

"ಗಾಡಿ ಹೊಡಿಯೋರು ನೀವು, ಹಿಂದ ಕುಂತಾಕಿ ನಾನು," ಎಂದಳು ಗಂಗಾಂಬಿಕಾ ಹಿಟ್ಟು ನಾದುತ್ತ. "ಆ ಕತ್ತಲ್ಯಾಗ ಖರೇ ಹೇಳಿದ್ರ ಇಬ್ಬರೂ ಕಾಲುವ್ಯಾಗ ಇರ್ತಿದ್ವಿ."

"ಎಲ್ಲಾ ಸಿನಿಮಾನೂ ಹಿಂಗನಾ?"

"ಎಲ್ಲಾನೂ. ಒಂದರಾಗ ದೆವ್ವಕ್ಕ ಮದುವಿ ಮಾಡಿಸಿದ್ದೆ. ಅದನ್ನೂ ನಂಬಿದ್ರಿ."

ಶಂಭುಲಿಂಗ ಗೋಡೆಗೆ ಒರಗಿದ. ನಾಗೇಂದ್ರಪ್ಪನ ತಾಯಿ ಕಣ್ಣೆದುರು ಬಂದಳು. ಎಷ್ಟು ಮನೆಗಳ ನಿದ್ದೆ ಕೆಡಿಸಿದ್ದನೋ ಏನೋ. ಅದಕ್ಕಿಂತ ಹೆಚ್ಚಿನ ದುಃಖವೆಂದರೆ, ತಲೆ ಆನಿಸಿದ್ದ ಮಗಳು ಇನ್ನು ತನ್ನನ್ನು ಹತ್ತಿರ ಸೇರಿಸುವುದಿಲ್ಲ.

ಅಷ್ಟರಲ್ಲಿ ಸ್ಫೂರ್ತಿಯೇ ಬಂದಳು. "ಅಪ್ಪಾ, ಮುಂದಿನ ಶನಿವಾರ ಇನ್ನೊಂದು ನೋಡ್ತೀವಿ. ನೀನು ಬರಲೇಬೇಕಂತ, ಎಲ್ಲಾರೂ ಹೇಳ್ಯಾರ."

ಅವನ ಕಣ್ಣು ಒದ್ದೆಯಾಯಿತು. "ಯಾವ ಸಿನಿಮಾ ಹೇಳ್ಲವ್ವಾ?"

"ಯಾವುದಾದ್ರೂ ನಡೀತೈತಿ."

ಹಾಲಿಗೆ ಇಣುಕಿ ನೋಡಿದ. ಹುಡುಗಿಯರು ಚಾಪೆಯನ್ನು ತಿರುಗಿಸಿ ಹಾಸಿದ್ದರು. ಟಿ.ವಿ.ಗೆ ಬೆನ್ನು ಹಾಕಿ ಸಾಲಾಗಿ ಕೂತು, ಅವನ ಖಾಲಿ ಕುರ್ಚಿ ಎಲ್ಲರಿಗೂ ಸರಿಯಾಗಿ ಕಾಣುತ್ತದೆಯೇ ಎಂದು ನೋಡುತ್ತಿದ್ದರು.