ಕರಿ ಉಡದ ಪಟ್ಟು

ಬೆಳಬೆಳಗ್ಗೆ ಆಂಬೊನ ಅಂಗಿಯ ಜೇಬು "ಕ್ವಾಕ್" ಎಂದದ್ದೇ ಎಲ್ಲಕ್ಕೂ ಮೂಲ.

ಜೇಬಿನಲ್ಲಿದ್ದದ್ದು ಫೋನು. ಫೋನಿನಲ್ಲಿದ್ದದ್ದು 'ಬಾತುದಂಡು' ಎಂಬ ಆಟ. ಒಬ್ಬನದು ಬಾತುಗಳ ಸೈನ್ಯ, ಇನ್ನೊಬ್ಬನದು ಉಡಗಳದು. ಬಾತುಗಳು ಮೊಟ್ಟೆಯನ್ನು ಫಿರಂಗಿ ಗುಂಡಿನಂತೆ ಹಾರಿಸಿ ಉಡದ ಕೋಟೆ ಒಡೆಯಬೇಕು. ಅಷ್ಟರೊಳಗೆ ಉಡಗಳು ಬಾತಿನ ಗೂಡಿಗೆ ನುಗ್ಗಬೇಕು. ಕೆರೆದಂಡೆಯ ನಮ್ಮ ತಾಬಿಂಗ್‌ಸಾಪಾದಲ್ಲಿ ನಿಜವಾದ ಬಾತುಗಳೇ ಮನುಷ್ಯರಿಗಿಂತ ಹೆಚ್ಚು. ಆದರೂ ಜನ ಅವನ್ನು ನೀರಿಗೆ ಬಿಟ್ಟು, ಗಾಜಿನೊಳಗಿನ ಬಾತುಗಳನ್ನು ಮೇಯಿಸುತ್ತ ಕೂತಿದ್ದರು.

ಆಂಬೊ ಆಗ ಪೂರಿಂಗ್ ಅಜ್ಜಿಯ ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದ. ಹುಡುಗಿಯನ್ನು ಕೇಳುವ ಮೊದಲು ಅವಳ ಮನೆಯ ಸೌದೆ ಒಡೆದು, ನೀರು ಹೊತ್ತು ಹಿರಿಯರನ್ನು ಒಲಿಸಬೇಕು. ಈಗಿನವರು ಈ ಪದ್ಧತಿಯನ್ನು ಬಿಟ್ಟಿದ್ದಾರೆ, ಪೂರಿಂಗ್ ಅಜ್ಜಿ ಬಿಟ್ಟಿರಲಿಲ್ಲ. ಹೆಸರಿಗೆ ತಕ್ಕಂತೆ ಆಗತಾನೆ ಎಣ್ಣೆಯಿಂದೆದ್ದ ಪೂರಿಯಂತೆ ಉಬ್ಬಿದ ಮುಖ. ಎಲ್ಲಿ ಮುಟ್ಟಿದರೆ ಬಿಸಿಗಾಳಿ ಹೊರಬರುವುದೋ ಹೇಳಲಾಗದು.

"ಏನೋ ಅದು, ಜೇಬಲ್ಲಿ ಬಾತು ಸಾಕಿದ್ದೀಯಾ?"

"ಆಟ ಅಜ್ಜಿ. ಇವತ್ತು ಊರ ಸಂತನ ಹಬ್ಬದ ಪಂದ್ಯ ಇದೆಯಲ್ಲ, ಫೈನಲ್ಲಿಗೆ ಬಂದಿದೀನಿ. ಎದುರಿಗೆ ಕರಿ ಉಡ."

"ಅದ್ಯಾವ ಉಡ?"

"ಅಡ್ಡಹೆಸರು ಅಷ್ಟೆ. ಯಾರು ಅಂತ ಊರಲ್ಲಿ ಯಾರಿಗೂ ಗೊತ್ತಿಲ್ಲ. ಫೋನಲ್ಲೇ ಬರ್ತಾನೆ, ಫೋನಲ್ಲೇ ಕೊಲ್ತಾನೆ. ಇಲ್ಲೀತನಕ ಸೋತಿಲ್ಲ." ಹೇಳುತ್ತಿದ್ದಂತೆ ಆಂಬೊನ ದನಿ ಚರ್ಚಿನೊಳಗೆ ಕಾಲಿಟ್ಟವನಂತೆ ತಗ್ಗಿತು.

ಅಜ್ಜಿ ಚುಟ್ಟದ ಬೂದಿ ಕೊಡವಿದಳು. "ನೀನು ಒಂದಾದ್ರೂ ಗೆದ್ದಿದ್ದು ನಾ ನೋಡಿಲ್ಲ. ಆ ಉಡಾನ ಸೋಲಿಸು, ಮಿಲಾನ್ನ ಕೊಡ್ತೀನಿ. ಸೋತ್ಯೋ, ನಾಳೆಯಿಂದ ಬೇರೆ ಹಿತ್ತಲು ನೋಡ್ಕೋ."

ಆಂಬೊ ತಲೆಯಾಡಿಸಿಬಿಟ್ಟ. ಬಟ್ಟೆ ಹರವುತ್ತಿದ್ದ ಅಜ್ಜಿಯ ಮೊಮ್ಮಗಳು ಮಿಲಾ ಒದ್ದೆ ಲಂಗದ ಸಂದಿಯಿಂದ ಕಣ್ಣು ಬಿಟ್ಟಳು. "ಹೂಂ ಅಂದ್ಯಾ? ನಾನೇನು ಪಂದ್ಯದ ಹಂದೀನಾ? ಹೋಗ್ಲಿ, ಹೂಂ ಅಂದಮೇಲೆ ಗೆದ್ದಾದ್ರೂ ಬಾ."

ಸುದ್ದಿ ಬೇಲಿ ಹಾರಿತು. ಊರಿಗೆ ಊರೇ ಆಂಬೊನ ತರಬೇತಿಗೆ ನಿಂತಿತು. ಕ್ಷೌರಿಕ ತೆರ್ಯೊ ದಾರಿಯಲ್ಲೇ ಅಡ್ಡಗಟ್ಟಿ ಅವನ ಹೆಬ್ಬೆರಳಿಗೆ ಕೊಬ್ಬರಿಎಣ್ಣೆ ತಿಕ್ಕಿದ. "ಬೆರಳು ಹೊರಳಬೇಕು ಕಣೋ, ಕತ್ತರಿ ಥರ." ಬೆರಳು ಹೊರಳಿತು, ಫೋನೂ ಹೊರಳಿ ಚರಂಡಿಯ ಅಂಚಿಗೆ ಹೋಯಿತು. ಅಂಗಡಿಯ ನೆನಾ ಶಕ್ತಿ ಬರಲೆಂದು ಮರಿ ಮೂಡಿದ ಬಾತುಮೊಟ್ಟೆ ಬೇಯಿಸಿ ತಿನ್ನಿಸಿದಳು. ಬಾತುಗಳ ಸೇನಾಪತಿ ಬಾತುಮೊಟ್ಟೆ ತಿಂದು ಯುದ್ಧಕ್ಕೆ ಹೊರಟರೆ ಏನಾಗಬೇಕೋ ಅದೇ ಆಯಿತು. ನುಂಗಿದ್ದು ಒಳಗಿಂದ ಶಾಪ ಹಾಕಿದಂತೆ ಬಿಕ್ಕಳಿಕೆ ಹತ್ತಿತು, ಅದೂ ಬಾತಿನ ದನಿಯಲ್ಲೇ.

ಬಾಸ್ಕೆಟ್‌ಬಾಲ್ ಅಂಗಳದಲ್ಲಿ ದೊಡ್ಡ ಬಿಳಿ ಪರದೆ ಕಟ್ಟಿದ್ದರು. ಊರಿನ ಮುಖ್ಯಸ್ಥನಿಗೆ ನಮ್ಮಲ್ಲಿ ಕಪಿತಾನ್ ಎನ್ನುತ್ತಾರೆ. ಮೈಕು ಕೈಗೆ ಬಂದರೆ ಆತ ಮೊದಲೆರಡು ಅಕ್ಷರಗಳಿಗೆ ಪೂರ್ತಿ ನ್ಯಾಯ ಒದಗಿಸುತ್ತಿದ್ದ. "ಒಂದು ಕಡೆ ನಮ್ಮ ಆಂಬೊ. ಇನ್ನೊಂದು ಕಡೆ ಕರಿ ಉಡ. ಉಡಪ್ಪನೋರೇ, ಯಾವ ಬಿಲದಲ್ಲಿದ್ರೂ ಈಗ ಆಚೆ ಬರಬೇಕು."

ಎಲ್ಲರೂ ಎಲ್ಲರ ಮುಖ ನೋಡಿದರು. ತೆರ್ಯೊ ತಾನೇ ಇರಬಹುದೇನೋ ಎಂಬಂತೆ ನಾಚಿಕೊಂಡ.

ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಕಿರ್ರೆಂದಿತು. ಪೂರಿಂಗ್ ಅಜ್ಜಿ ಎದ್ದು, ಜಪಮಾಲೆಯ ಚೀಲಕ್ಕೆ ಕೈಹಾಕಿ ಫೋನು ತೆಗೆದಳು.

ಆಂಬೊನ ಬಿಕ್ಕಳಿಕೆ ಹೆದರಿ ನಿಂತಿತು.

"ಅಜ್ಜಿ, ನೀವಾ?"

"ಯಾಕೆ, ಕಣ್ಣು ಮಂಜಾದ್ರೆ ಬೆರಳೂ ಮಂಜಾಗತ್ತಾ? ಕೂತ್ಕೋ."

ಇಬ್ಬರೂ ಮೇಜಿನ ಆಚೀಚೆ ಕೂತರು. ಪರದೆಯ ಮೇಲೆ ಕೋಣನ ಗಾತ್ರದ ಬಾತುಗಳು ಸಾಲುಗಟ್ಟಿ ನಡೆದವು. ಅಜ್ಜಿ ಏನೂ ಮಾಡಲಿಲ್ಲ. ಕೋಟೆಬಾಗಿಲಲ್ಲಿ ಒಂದೇ ಒಂದು ನರಪೇತಲ ಉಡ ಬಿಸಿಲು ಕಾಯಿಸುತ್ತ ಮಲಗಿತ್ತು. ಆಂಬೊನ ಮುಂದಿನ ದಂಡು ಅದರ ಮೇಲೆ ನುಗ್ಗಿದ್ದೇ ತಡ, ಕೆಳಗಿನ ಕೆಸರು ಎದ್ದು ನಿಂತಿತು. ಕೆಸರೆಂದುಕೊಂಡದ್ದೆಲ್ಲ ಉಡಗಳೇ. ಇಡೀ ನೆಲ ಮೈಮುರಿದು ಬಾಯಿ ತೆರೆದಂತಾಯಿತು. ಬಾತುಗಳ ಜೊತೆ ತಾನೂ ಮುಳುಗುತ್ತಿದ್ದರೂ ಆಂಬೊನಿಗೆ ಸಿಟ್ಟು ಬರಲಿಲ್ಲ. ಇಷ್ಟು ಚೆಂದವಾಗಿ ಯಾರೂ ಅವನನ್ನು ಹೊಡೆದಿರಲಿಲ್ಲ.

ಆ ಬೆರಗಿನಲ್ಲೇ ಅವನಿಗೊಂದು ಹುಚ್ಚು ಹೊಳೆಯಿತು. ಗೂಡನ್ನು ಕಾವಲಿಲ್ಲದೆ ಬಿಟ್ಟ. ಉಳಿದ ಬಾತುಗಳನ್ನೆಲ್ಲ ಕೋಟೆ ಬಳಸಿದ ಕೆರೆಯ ನೀರಿನಡಿ ಮುಳುಗಿಸಿದ. ಪರದೆ ಖಾಲಿಯಾಯಿತು. ಉಡಗಳು ನಾಲಗೆ ಚಾಚಿ ಗಾಳಿ ಮೂಸಿದವು. ಆಮೇಲೆ ಕೋಟೆಯ ಬೆನ್ನಹಿಂದೆ ಒಂದು ಗುಳ್ಳೆ ಎದ್ದಿತು, ಇನ್ನೊಂದು ಎದ್ದಿತು, ಕೊನೆಗೆ ಕೆರೆಗೆ ಕೆರೆಯೇ ಕುದಿದಂತೆ ಬಾತುಗಳು ಮೇಲೆದ್ದು ಮೊಟ್ಟೆಯ ಮಳೆ ಸುರಿಸಿದವು.

"ಪರವಾಗಿಲ್ವೇ," ಎಂದಳು ಅಜ್ಜಿ ಮೆಲ್ಲಗೆ.

ಕೋಟೆಯಲ್ಲಿ ಉಳಿದದ್ದು ಒಂದು ಇಟ್ಟಿಗೆ. ಆಂಬೊನ ಹೆಬ್ಬೆರಳು ಕೊನೆಯ ಮೊಟ್ಟೆಯ ಮೇಲಿತ್ತು. ತೆರ್ಯೊ ಸಲಹೆ ಕೊಡುವುದನ್ನು ಮರೆತ. ಮಿಲಾ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು.

ಆಗ ಪೂರಿಂಗ್ ಅಜ್ಜಿ ಶಾಂತವಾಗಿ ಬಲಗೈಯನ್ನು, ಹಿಂಗೈ ಮೇಲಾಗಿ, ಆಂಬೊನತ್ತ ಚಾಚಿದಳು.

ಹಿರಿಯರು ಹಾಗೆ ಕೈ ಚಾಚಿದರೆ ಅದನ್ನು ಹಿಡಿದು ಹಣೆಗೊತ್ತಿಕೊಂಡು ಆಶೀರ್ವಾದ ಪಡೆಯದ ಮಗು ನಮ್ಮೂರಲ್ಲಿ ಹುಟ್ಟಿಲ್ಲ. ಮಾತು ಬರುವ ಮೊದಲು ಇದು ಬರುತ್ತದೆ. ಆಂಬೊನ ಬುದ್ಧಿ ಇನ್ನೂ ಮೊಟ್ಟೆಯ ಮೇಲಿತ್ತು, ಮೈ ಆಗಲೇ ಬಗ್ಗಿತ್ತು. ಫೋನು ಮೇಜಿನ ಮೇಲೆ, ಅಜ್ಜಿಯ ಕೈ ಹಣೆಯ ಮೇಲೆ.

"ದೇವರು ಒಳ್ಳೇದು ಮಾಡ್ಲಿ," ಎಂದಳು ಅಜ್ಜಿ. ಅವಳ ಎಡಗೈಯ ಹೆಬ್ಬೆರಳು ತಟಕ್ಕೆಂದಿತು. ಉಡಗಳು ಖಾಲಿ ಗೂಡಿಗೆ ನುಗ್ಗಿದವು.

"ಇದು ಮೋಸ," ಎಂದ ತೆರ್ಯೊ.

"ಆಶೀರ್ವಾದ ಮಾಡಬಾರದು ಅಂತ ಯಾವ ನಿಯಮದಲ್ಲಿದೆಯಪ್ಪಾ?" ಎಂದ ಕಪಿತಾನ್.

ಆದರೆ ಹೆಂಗಸರು ಮೂಗೊರೆಸಿಕೊಳ್ಳತೊಡಗಿದ್ದರು. ನೆನಾ ಎದ್ದು ನಿಂತಳು. "ಕೈಗೆ ಬಂದ ಹೆಣ್ಣನ್ನೂ ಬಿಟ್ಟು ಹಿರಿಯರ ಕೈ ಹಿಡಿದ ಹುಡುಗ. ಇವನನ್ನೂ ಬೇಡ ಅಂತೀರಾ ಅಜ್ಜಿ? ಸಂತ ಮೇಲಿಂದ ನೋಡ್ತಿದಾನೆ." ಹೌದು ಹೌದು ಎಂದಿತು ಜನ. ಸೋಲೇ ಗೆಲುವಾಗುತ್ತಿರುವುದನ್ನು ಕಂಡು ಆಂಬೊನ ಎದೆ ಹಗುರಾಯಿತು. ಮಿಲಾ ನಗುತ್ತಿದ್ದಳು.

ಅಜ್ಜಿ ಕಣ್ಣೊರೆಸಿಕೊಂಡು ಮೈಕು ತೆಗೆದುಕೊಂಡಳು. "ನಿಜ ಕಣ್ರಪ್ಪಾ. ಇಂಥ ವಿನಯ ಹೊರಗಿನವರಿಗೆ ಬರಲ್ಲ. ಪಂದ್ಯ ಹಾಗಿರ್ಲಿ, ಈ ಹುಡುಗನ್ನ ಕಳಿಸೋಕೆ ನಂಗೆ ಮನಸ್ಸಿಲ್ಲ. ಊರ ಸಂತನ ಸಾಕ್ಷಿಯಾಗಿ ಹೇಳ್ತಿದೀನಿ, ಇವತ್ತಿನಿಂದ ಆಂಬೊ ನನ್ನ ಸ್ವಂತ ಮೊಮ್ಮಗ."

ಚಪ್ಪಾಳೆ ಗುಡುಗಿತು. ಕಪಿತಾನ್ ಹಾರವೊಂದನ್ನು ಮಿಲಾಳ ಕೈಗಿಟ್ಟು ಮೈಕಿನಲ್ಲಿ ಕೂಗಿದ: "ಬಾಮ್ಮ ಮಿಲಾ, ನಿಮ್ಮಣ್ಣನಿಗೆ ಹಾಕು."

ಅರ್ಥವಾದವರ ಚಪ್ಪಾಳೆ ಅರ್ಥವಾದ ಕ್ರಮದಲ್ಲೇ ನಿಂತಿತು. ಕೊನೆಯವರೆಗೆ ತಟ್ಟುತ್ತಿದ್ದವನು ತೆರ್ಯೊ ಒಬ್ಬನೇ. ಮಿಲಾಳ ಕೈಯಲ್ಲಿ ಹಾರ ಅಲ್ಲೇ ತೂಗಿತು. ಆಂಬೊ ಬಾಯಿ ತೆರೆದ. ಸಂತನ ಹೆಸರಲ್ಲಿ ಸಿಕ್ಕ ಅಜ್ಜಿಯನ್ನು ಊರೆದುರು ಬೇಡವೆನ್ನುವುದು ಹೇಗೆಂದು ತಿಳಿಯದೆ ಮುಚ್ಚಿದ.

ಒಂದೇ ಒಂದು ಕೈ ಚಾಚಿ ಎರಡು ಕೋಟೆ ಹಿಡಿದವಳನ್ನು ಅವನು ಕಣ್ಣರಳಿಸಿ ನೋಡಿದ. ಅಜ್ಜಿ ಮತ್ತೆ ಕೈ ಚಾಚಿದಳು.

"ಬಾ ಮಗಾ."

ಈ ಸಲ ಬಗ್ಗಬಾರದು ಎಂದುಕೊಂಡ ಆಂಬೊ. ಸೊಂಟ ಕೇಳಲಿಲ್ಲ.