ಆರು ಕಾರ್ಬನ್ನಿನ ಋಣ

ಗಾಳಿ ಸೋಕದಂತೆ ಮುಚ್ಚಿದ ಗ್ಲೋವ್ ಬಾಕ್ಸಿನ ಕೈಗವಸಿನಲ್ಲಿ ಸೂಜಿಮೊನೆಯಷ್ಟು ತೂತಾಗಿತ್ತು. ಅಷ್ಟರಲ್ಲೇ ಗಾಳಿ ಒಳನುಸುಳಿ, ಮೂರು ವಾರ ಪಾಡುಪಟ್ಟು ಮಾಡಿದ ಕಿತ್ತಳೆ ಬಣ್ಣದ ಟೈಟಾನಿಯಂ ಪುಡಿ, ಜ್ವರ ಬಿಟ್ಟವನ ಮುಖದಂತೆ ಬಿಳಿಚಿಕೊಂಡಿತ್ತು.

ಪ್ರಯೋಗಾಲಯದವರೆಲ್ಲ 'ಗಡಿಬಿಡಿ' ಎಂದೇ ಕರೆಯುತ್ತಿದ್ದ ಸಂಶೋಧಕನ ಕಣ್ಣಲ್ಲಿ ನೀರಾಡಿತು. ಎರಡು ಕಾರ್ಬನ್ನಿನ ಎಥಿಲೀನ್ ಅನಿಲವನ್ನು ಮೂರುಮೂರಾಗಿ ಜೋಡಿಸಿ, ಆ ಪುಡಿ ಆರು ಕಾರ್ಬನ್ನಿನ ಹೆಕ್ಸೀನ್ ದ್ರವ ಮಾಡಿಕೊಡಬೇಕಿತ್ತು. ನಾಲ್ಕು ಗಂಟೆಯ ಸಭೆಯಲ್ಲಿ ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಎದುರು ಫಲಿತಾಂಶ ಇಡದಿದ್ದರೆ ಈ ಕೆಲಸಕ್ಕೇ ಮಂಗಳ.

ಪಕ್ಕದ ಮೇಜಿನವನು ಇಣುಕಿದ. "ಸ್ವಲ್ಪ ಬಿಸಿ ಮಾಡಿ ನೋಡೋ."

"ಸತ್ತಿದ್ದು ಬಿಸಿ ಮಾಡಿದ್ರೆ ಎದ್ದು ಕೂರತ್ತಾ?"

ಎಲ್ಲರೂ ಅಕ್ಕ ಎನ್ನುವ ಹಿರಿಯ ಸಂಶೋಧಕಿ ತನ್ನ ಪುಟ್ಟ ಸೀಸೆ ಮುಂದೆ ಹಿಡಿದಳು. "ಇದೇ ಪುಡಿ, ನನ್ನ ಹತ್ರ ಚಿಟಿಕೆಯಷ್ಟು ಉಳಿದಿದೆ. ತಗೋ."

"ನಿಮಗೆ ಬೇಕಲ್ಲಕ್ಕ?"

"ಆಮೇಲೆ ನೋಡ್ಕೊಳ್ಳೋಣ. ಮೊದಲು ಕಣ್ಣೊರೆಸ್ಕೋ. ಇದಕ್ಕೆ ನೀರು ಆಗಲ್ಲ."

ಅವನು ಫ್ಲಾಸ್ಕ್ ಹುಡುಕುವಷ್ಟರಲ್ಲಿ ಪಕ್ಕದವನು ತಾನೇ ಒಂದನ್ನು ತೊಳೆದು ತಂದುಕೊಟ್ಟ. ಅದರಲ್ಲಿ ಪುಡಿ ಹಾಕಿ ಎಥಿಲೀನ್ ಹಾಯಿಸಿದ್ದಾಯಿತು. ಉಪಕರಣ ನೋಡಿಕೊಳ್ಳುವವರು ಊಟ ಬಿಟ್ಟು ಬಂದು, ಸರದಿ ತಪ್ಪಿಸಿ ಅವನ ದ್ರವವನ್ನೇ ಮೊದಲು ಪರೀಕ್ಷೆಗಿಟ್ಟರು. ಪರದೆಯ ಮೇಲೆ, ಹೆಕ್ಸೀನ್ ಕಾಣಬೇಕಾದಲ್ಲೇ ಗೆರೆಯೊಂದು ಚೂಪಾಗಿ ಮೇಲೆದ್ದಿತು.

ಸಭೆಯಲ್ಲಿ ಮೇಡಂ ಕನ್ನಡಕ ತೆಗೆದು ನಕ್ಕರು. ಆರು ತಿಂಗಳಲ್ಲಿ ಅವರು ನಕ್ಕಿದ್ದು ಇದೇ ಮೊದಲು. ಗಡಿಬಿಡಿ ಎದ್ದು ನಿಂತ.

"ಇದು ನನ್ನೊಬ್ಬನದಲ್ಲ ಮೇಡಂ. ಅಕ್ಕ ಪುಡಿ ಕೊಟ್ರು. ಇವರು ಊಟಾನೇ ಬಿಟ್ರು. ಇವನಂತೂ ಕೇಳೋಕೆ ಮುಂಚೆನೇ ಫ್ಲಾಸ್ಕ್ ತೊಳ್ಕೊಟ್ಟ."

ಪಕ್ಕದವನು ನಾಚಿ ನೀರಾದ. "ನಾನೇನ್ ಮಹಾ ಮಾಡ್ದೆ? ಹೆಕ್ಸೇನ್ ಹಾಕಿ ಗಲಬರಿಸಿದೆ, ಅಷ್ಟೆ. ಹೊತ್ತಾಗತ್ತೆ ಅಂತ ಒಣಗಿಸೋಕೂ ಹೋಗ್ಲಿಲ್ಲ."

ಮೇಡಂ ಅವರ ನಗು ಮಾಯವಾಯಿತು. ಗಾಜು ತೊಳೆಯಲು ಬಳಸುವ ಆ ಹೆಕ್ಸೇನಿಗೂ, ಹೆಕ್ಸೀನಿನಂತೆಯೇ, ಆರೇ ಕಾರ್ಬನ್. ಒಡಹುಟ್ಟಿದವರಂತೆ ಎರಡೂ ಪರದೆಯಲ್ಲಿ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿ ತಲೆಯೆತ್ತುತ್ತವೆ. ಮೇಲೆದ್ದ ಗೆರೆ ಫ್ಲಾಸ್ಕಿನಲ್ಲಿ ಒಣಗದೆ ಉಳಿದ ಹೆಕ್ಸೇನಿನದೇ ಹೊರತು ಪುಡಿಯ ಪವಾಡವಲ್ಲ.

ಮೇಡಂ ಕನ್ನಡಕ ಏರಿಸಿದರು. "ಇನ್ನೂ ಯಾರಿಗಾದ್ರೂ ಥ್ಯಾಂಕ್ಸ್ ಹೇಳೋದು ಬಾಕಿ ಇದೆಯಾ?"

ಆಮೇಲೆ ಗಡಿಬಿಡಿಯತ್ತ ತಿರುಗಿದರು.

"ನೀನು ಬಾಯಿ ಬಿಡದೇ ಇದ್ದಿದ್ರೆ ನಾನು ಇದನ್ನ ಅಚ್ಚಿಗೆ ಕಳಿಸಿ ಮಾನ ಕಳ್ಕೋತಿದ್ದೆ. ಇನ್ನು ಮೂರು ವಾರ ಕೊಡ್ತೀನಿ. ಅಕ್ಕನ ಪಾಲಿನ ಪುಡಿನೂ ನೀನೇ ಮಾಡ್ಕೊಡು."

"ಥ್ಯಾಂಕ್ಸ್ ಮೇಡಂ," ಎಂದ. ಎರಡರಷ್ಟು ದುಡಿಮೆ ಹೆಗಲೇರಿದ್ದರೂ ಆ ಮಾತು ಎದೆಯಿಂದಲೇ ಬಂದಿತ್ತು.

ಹೊರಬರುವಾಗ ಪಕ್ಕದವನು ಬೆನ್ನು ತಟ್ಟಿದ. "ಹೆದರ್ಬೇಡ ಕಣೋ. ಈ ಸಲ ಮೊದಲಿಂದ ಕೊನೇವರೆಗೂ ನಾನು ಜೊತೆಗೇ ಇರ್ತೀನಿ."